ಹತ್ತೊಂಬತ್ತು ಸೊನ್ನೆ

ಸಂಜೆ ಆರು ಗಂಟೆಗೆ ಸರಿಯಾಗಿ ಆ ಮನೆಯಲ್ಲಿ ಮೂರು ಕೆಲಸ ಒಟ್ಟಿಗೆ ಬರುತ್ತಿದ್ದವು. ಒಲೆಯ ಮೇಲೆ ಹಾಲು ಉಕ್ಕುವುದು, ನಲ್ಲಿಯಲ್ಲಿ ನೀರು ಬರುವುದು, ಬಟ್ಟೆ ಕೊಟ್ಟವರು ಬಾಗಿಲಲ್ಲಿ ನಿಂತು "ಆಯ್ತಾ ಟೈಲರಮ್ಮ?" ಅನ್ನುವುದು. ಆ ಹೊತ್ತಿಗೆ ಮನೆಯಲ್ಲಿ ಕೈ ಖಾಲಿ ಇರುವವರು ಒಬ್ಬರೇ, ಅತ್ತೆ. ಆ ಅತ್ತೆಯೋ ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಿದ್ದರು.

"ಅತ್ತೇ, ಒಂಚೂರು ಹಾಲು ನೋಡ್ತೀರಾ?" ಸೊಸೆ ಹೊಲಿಗೆ ಮೆಷಿನ್ ನಿಲ್ಲಿಸದೆ ಕೂಗಿದಳು.

ಮೇಲಿನಿಂದ ಉತ್ತರ ಬಂತು: "ನಲವತ್ತೆರಡು!"

"ಹಾಲೂ!"

"ಕೂಗಬೇಡ ಕಣೇ, ಎಣಿಕೆ ತಪ್ಪುತ್ತೆ. ನಲವತ್ಮೂರು, ನಲವತ್ನಾಲ್ಕು..."

ಹಾಲು ಉಕ್ಕಿ ಒಲೆ ಆರಿತು. ಸೊಸೆ ಎದ್ದು ಓಡಿದಳು. ಮಡಿಲಲ್ಲಿದ್ದ ಯೂನಿಫಾರ್ಮಿನ ತೋಳು ನೆಲಕ್ಕೆ ಬಿತ್ತು. ಇದು ಒಂದು ದಿನದ ಕಥೆಯಲ್ಲ. ಎಂಟು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಆ ಒಲೆ ಹೀಗೆ ಹಾಲು ಕುಡಿಯುತ್ತಲೇ ಇತ್ತು.

ಅತ್ತೆ ಎಣಿಸುತ್ತಿದ್ದದ್ದು ಹಕ್ಕಿಗಳನ್ನು. ಮನೆಯ ಎದುರಿಗೇ ಬಸ್ ಡಿಪೋ. ಅದರೊಳಗೆ ಬಸ್ ರಿಪೇರಿ ಮಾಡುವ ದೊಡ್ಡ ಶೆಡ್. ಆ ಶೆಡ್ಡಿನ ತಗಡಿನ ಸೂರಿನ ಕೆಳಗೆ, ಹುಲ್ಲು ಪುಕ್ಕ ಸೇರಿಸಿ ಎಂಜಲಲ್ಲಿ ಅಂಟಿಸಿದ ಗೂಡುಗಳ ಸಾಲು. ಬೀದಿಯವರು ಅವನ್ನು 'ಶೆಡ್ ಹಕ್ಕಿ' ಅನ್ನುತ್ತಿದ್ದರು. ಬಾನಾಡಿ ಅನ್ನುವುದು ಪುಸ್ತಕದಲ್ಲಿರುವ ಹೆಸರು. ಕಪ್ಪು ಮೈ, ಸೊಂಟದ ಮೇಲೆ ಬಿಳಿ ಪಟ್ಟಿ, ಕುಡುಗೋಲಿನಂಥ ರೆಕ್ಕೆ. ಹಗಲೆಲ್ಲ ಎಲ್ಲೋ ಎತ್ತರದಲ್ಲಿ ಹುಳ ಹಿಡಿಯುತ್ತಾ ಹಾರುತ್ತಿರುತ್ತವೆ. ಸಂಜೆ ಒಟ್ಟಾಗಿ ಬಂದು, ಶೆಡ್ಡಿನ ಸುತ್ತ ನಾಲ್ಕು ಸುತ್ತು ಕಿರುಚಾಡಿ, ಒಂದೊಂದಾಗಿ ಒಳಗೆ ನುಗ್ಗುತ್ತವೆ. ಆ ಕಾಲು ಗಂಟೆಯೇ ಅತ್ತೆಯ ಡ್ಯೂಟಿ.

ಅತ್ತೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟರೂ ಎಣಿಸುವ ಚಟ ಬಿಡಲಿಲ್ಲ. ಹಾಳೆಗೆ ಗೀಟು ಹಾಕಿ ಕಲಂ ಮಾಡಿಕೊಂಡಿದ್ದರು: ತಾರೀಕು, ಹೊತ್ತು, ಮೋಡವೋ ಬಿಸಿಲೋ, ಹತ್ತಿದವರು, ಇಳಿದವರು, ಕೊನೆಗೆ ಒಳಗೆ ಉಳಿದವರು. ಗೂಡಿಗೆ ಹೋದ ಹಕ್ಕಿ ಹತ್ತಿದ ಹಾಗೆ, ಹೊರಗೆ ಬಂದದ್ದು ಇಳಿದ ಹಾಗೆ. ಹತ್ತು ಹಕ್ಕಿಗೆ ಒಂದು ಗುಂಡಿ ಎಡ ಮುಷ್ಟಿಯಿಂದ ಮಡಿಲಿಗೆ ಬೀಳುತ್ತಿತ್ತು. ಆ ಗುಂಡಿಗಳು ಎಲ್ಲಿಂದ ಬರುತ್ತಿದ್ದವು ಅಂತ ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಅರ್ಜೆಂಟ್ ಅಂಗಿಗೆ ಕೊನೆಯ ಗುಂಡಿ ಹುಡುಕಿದರೆ ಡಬ್ಬಿ ಖಾಲಿ. "ಅತ್ತೆ, ನನ್ನ ಬಿಳಿ ಗುಂಡಿ?" ಅಂದರೆ ಅತ್ತೆ ಸೆರಗಿನ ಗಂಟು ಬಿಚ್ಚಿ ಆರು ಗುಂಡಿ ಎಣಿಸಿ ಕೊಡುತ್ತಿದ್ದರು, ಚಿಲ್ಲರೆ ವಾಪಸ್ ಕೊಟ್ಟ ಹಾಗೆ.

"ಎಣಿಸಿ ಏನು ಮಾಡ್ತೀರಿ ಅತ್ತೆ? ನೀವು ಎಣಿಸಲಿಲ್ಲ ಅಂದ್ರೆ ಅವು ಗೂಡಿಗೆ ಹೋಗಲ್ವಾ?"

"ಹೋಗ್ತವೆ. ಆದ್ರೆ ಒಂದಿನ ಬರದೆ ಹೋದ್ರೆ ಯಾರಿಗೆ ಗೊತ್ತಾಗ್ಬೇಕು?"

ಡಿಪೋದಲ್ಲೇ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಇದೆಲ್ಲ ತಮಾಷೆ. "ಅಮ್ಮ, ನಿನ್ನ ಪ್ಯಾಸೆಂಜರ್‌ಗಳು ಇವತ್ತು ನನ್ನ ಟೋಪಿ ಮೇಲೇ ಟಿಕೆಟ್ ಹರಿದು ಹಾಕಿದ್ವು ನೋಡು," ಎಂದು ಬಿಳಿ ಕಲೆ ತೋರಿಸುತ್ತಿದ್ದ.

ಅತ್ತೆ ಒಬ್ಬರೇ ಅಲ್ಲ, ಹೀಗೆ ಬರೆಯುವವರು ಆ ಸುತ್ತಿನಲ್ಲಿ ಏಳು ಜನ ಇದ್ದರು. ಔಷಧಿ ಅಂಗಡಿಯವರು ಕೊಳದ ಕಪ್ಪೆಗಳ ಕೂಗು ಕೇಳಿ ಬರೆಯುತ್ತಿದ್ದರು. ಪೋಸ್ಟ್‌ಮ್ಯಾನ್ ತನ್ನ ಸೈಕಲ್ ದಾರಿಯಲ್ಲಿ ಕಂಡ ಚಿಟ್ಟೆ ಬರೆಯುತ್ತಿದ್ದ. ಎಲ್ಲರ ಹಾಳೆಗಳನ್ನೂ ತಿಂಗಳ ಕೊನೆಯ ಶನಿವಾರ ಒಟ್ಟು ಮಾಡುವವರು ವಾಚನಾಲಯ ನೋಡಿಕೊಳ್ಳುವ ಲೈಬ್ರರಿ ಅಕ್ಕ. ಅತ್ತೆಯ ಹಾಳೆಯ ಒಂದು ಪ್ರತಿಯನ್ನು ಅವರು ಡಿಪೋದ ನೋಟಿಸ್ ಬೋರ್ಡಿಗೂ ಹಚ್ಚುತ್ತಿದ್ದರು. ಅದಕ್ಕೊಂದು ಕಾರಣ ಇತ್ತು. ಎರಡು ವರ್ಷದ ಹಿಂದೆ ಶೆಡ್ಡಿನ ಒಂದು ಕಡೆಯ ತಗಡು ಬದಲಿಸಿದಾಗ ಗೂಡುಗಳು ಮರಿ ಸಮೇತ ನೆಲಕ್ಕೆ ಬಿದ್ದಿದ್ದವು. ಹನ್ನೊಂದು ಮರಿ. ಕಣ್ಣು ಬಿಡದವು. ಅತ್ತೆ ಅವನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಮ್ಯಾನೇಜರ್ ಸಾಹೇಬರ ಮೇಜಿನ ಮೇಲೇ ಇಟ್ಟಿದ್ದರು. ಸಾಹೇಬರು ಫೈಲು ಪಕ್ಕಕ್ಕೆ ಸರಿಸಿ ಒಂದು ಮಾತು ಕೊಟ್ಟಿದ್ದರು: "ಕಂಡಕ್ಟರಮ್ಮ, ಇನ್ನರ್ಧ ಶೆಡ್ ಮಾಡೋವಾಗ ನಿಮ್ಮ ಹಾಳೆ ನೋಡ್ಕೊಂಡೇ ಮಾಡ್ತೀನಿ. ಗೂಡು ಖಾಲಿ ಇದೆ ಅಂತ ನೀವು ಬರೆದ ಮೇಲೇ ತಗಡಿಗೆ ಕೈ ಹಾಕೋದು."

ಇಷ್ಟು ಹಿನ್ನೆಲೆ. ಈಗ ಕಥೆಗೆ ಬರೋಣ.

ಆ ವರ್ಷ ಅತ್ತೆಗೆ ಕಣ್ಣಿನ ಪೊರೆ ಬಲಿಯಿತು. ಮೂರನೇ ತಾರೀಕು ಆಪರೇಷನ್ ಆಯಿತು. ಮೂರು ವಾರ ಮೆಟ್ಟಿಲು ಹತ್ತಬಾರದು, ಧೂಳಿಗೆ ಹೋಗಬಾರದು, ಓದು ಬರಹ ಬೇಡ ಅಂದರು ಡಾಕ್ಟರು. ಹಿಂದಿನ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ ಅತ್ತೆ ಮೊದಲು ಕೇಳಿದ್ದು ಊಟವನ್ನಲ್ಲ, ಸೊಸೆಯನ್ನು.

"ನೀನು ಒಂದು ಕೆಲಸ ಮಾಡಬೇಕಲ್ಲಮ್ಮ."

"ಗೊತ್ತಾಯ್ತು ಬಿಡಿ. ಹಕ್ಕಿ ತಾನೆ?" ಸೊಸೆಯ ಬಾಯಲ್ಲಿ ಇನ್ನೂ ಎರಡು ಗುಂಡುಸೂಜಿ ಇದ್ದವು. ಅವನ್ನು ತೆಗೆದು ಹೇಳಿದಳು, "ಅತ್ತೆ, ಸ್ಕೂಲು ಶುರುವಾಗೋಕೆ ಮೂರು ವಾರ ಇದೆ. ಎಪ್ಪತ್ತು ಜೊತೆ ಯೂನಿಫಾರ್ಮ್ ಒಪ್ಕೊಂಡಿದ್ದೀನಿ. ನಿಮಗೆ ಹೊತ್ತು ಹೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕ್ಬೇಕು. ನನಗಿರೋದು ಎರಡೇ ಕೈ."

"ಕಾಲು ಗಂಟೆ ಕಣೇ."

"ಎಲ್ಲರೂ ನನ್ನ ಹತ್ರ ಕೇಳೋದು ಕಾಲೇ ಗಂಟೆ!"

"ಎಂಟು ವರ್ಷದ ಹಾಳೆ. ಮಧ್ಯೆ ಹರೀಬಾರದು." ಅತ್ತೆಯ ದನಿ ಸಣ್ಣದಾಯಿತು. "ಇನ್ನೊಂದು ಮಾತು, ಕಲಂ ಖಾಲಿ ಬಿಡಬೇಡ. ಖಾಲಿ ಬಿಟ್ಟ ಹಾಳೆ ನೋಡಿದ್ರೆ ನಂಗೆ ಮೈ ಉರಿಯುತ್ತೆ."

ಸೊಸೆ ಹೂಂ ಅಂದಳು. ಕಣ್ಣು ಮುಚ್ಚಿ ಮಲಗಿದ ಮುದುಕಿಯ ಹತ್ತಿರ ಜಗಳ ಆಡುವುದಾದರೂ ಹೇಗೆ?

ನಾಲ್ಕನೇ ತಾರೀಕು ತಾರಸಿಗೆ ಹೋದಳು. ಐವತ್ತಾರು ಬರೆದಳು. ಐದನೇ ತಾರೀಕೂ ಹೋದಳು. ಐವತ್ತೆಂಟು. ಕೆಳಗೆ ಬಂದಾಗ ಬಕೆಟ್ ತುಂಬಿ ಅಂಗಳವೆಲ್ಲ ನೀರು, ಒಲೆಯ ಮೇಲೆ ಹಾಲಿನ ಸುಟ್ಟ ವಾಸನೆ, ಬಾಗಿಲಲ್ಲಿ ಒಬ್ಬ ಗಿರಾಕಿ ಮುಖ ಊದಿಸಿಕೊಂಡು ನಿಂತಿದ್ದಾಳೆ. ಸೊಸೆಗೆ ತಲೆ ಕೆಟ್ಟು ಹೋಯಿತು. 'ಇದೇನು ನನಗೆ ಬಂದ ಗ್ರಹಚಾರ. ಇರೋ ಮನುಷ್ಯರನ್ನೇ ಸುಧಾರಿಸೋಕಾಗ್ತಿಲ್ಲ' ಅಂದುಕೊಂಡಳು.

ಆರನೇ ತಾರೀಕು ಹೋಗಲಿಲ್ಲ. ಕಾಲರ್ ತಿರುಗಿಸುತ್ತಾ ಕೂತವಳಿಗೆ ಎಚ್ಚರವಾದಾಗ ಬೀದಿ ದೀಪ ಹತ್ತಿತ್ತು. ಹಾಳೆ ತೆಗೆದಳು. ಕಲಂ ಖಾಲಿ ಬಿಡಬಾರದು ಅಂದಿದ್ದಾರೆ. ಇವತ್ತು ಎಷ್ಟು ಹಕ್ಕಿ ನೋಡಿದೆ? ಒಂದೂ ನೋಡಲಿಲ್ಲ. ಸರಿ, ಸೊನ್ನೆ. ಬರೆದಳು. 'ಸುಳ್ಳೇನಲ್ಲವಲ್ಲ' ಎಂದು ತನಗೆ ತಾನೇ ಹೇಳಿಕೊಂಡಳು.

ಮಾರನೇ ದಿನವೂ ಸೊನ್ನೆ. ಅದರ ಮಾರನೇ ದಿನವೂ. ಸೊನ್ನೆ ಬರೆಯುವುದು ಎಷ್ಟು ಸಲೀಸು! ಕೂತಲ್ಲೇ, ಕಾಲು ಪೆಡಲ್ ಮೇಲಿರುವಾಗಲೇ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಲ್ಲೇ ಬರೆದುಬಿಡಬಹುದು.

"ಬರೆದೆಯೇನಮ್ಮ?" ಅಂತ ಹಿಂದಿನ ಕೋಣೆಯಿಂದ ದಿನವೂ ದನಿ ಬರುತ್ತಿತ್ತು.

"ಬರೆದೆ ಅತ್ತೆ."

"ನನ್ನ ಬಂಗಾರ."

ಆ ಮಾತು ಕೇಳಿದಾಗ ಸೊಸೆಯ ಮೆಷಿನ್ ಇನ್ನಷ್ಟು ಜೋರಾಗಿ ಓಡುತ್ತಿತ್ತು.

ಇಪ್ಪತ್ತನಾಲ್ಕನೇ ತಾರೀಕು, ಶುಕ್ರವಾರ, ಎಪ್ಪತ್ತನೇ ಜೊತೆ ಮುಗಿಯಿತು. ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ ಅತ್ತೆ ಅಂದರು, "ನಾಳೆ ಲೈಬ್ರರಿ ಅಕ್ಕ ಹಾಳೆಗೆ ಬರ್ತಾಳೆ. ಒಂದ್ಸಲ ಓದಿ ಹೇಳು, ಕೇಳೋಣ."

ಸೊಸೆ ಹಾಳೆ ತಂದಳು. "ನಾಲ್ಕನೇ ತಾರೀಕು ಐವತ್ತಾರು. ಐದು, ಐವತ್ತೆಂಟು. ಆರನೇ ತಾರೀಕು... ಸೊನ್ನೆ."

"ಸೊನ್ನೆ?"

"ಏಳು, ಸೊನ್ನೆ. ಎಂಟು, ಸೊನ್ನೆ." ಹೀಗೇ ಇಪ್ಪತ್ತನಾಲ್ಕರ ತನಕ ಓದಿದಳು.

ಅತ್ತೆ ತಟ್ಟೆಯ ಅಂಚನ್ನು ಬೆರಳಿಂದ ಸವರುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು, "ಸಂಜೆ ಹೊತ್ತು ಕೂಗು ಕೇಳಿಸಿದ ಹಾಗೆ ಆಗ್ತಿತ್ತು ನಂಗೆ. ಬಂದ್ವು ನೋಡು ಅಂದ್ಕೊಂಡು ಮಲಗಿದ್ದಲ್ಲೇ ಖುಷಿ ಪಡ್ತಿದ್ದೆ." ತಲೆ ಅಲ್ಲಾಡಿಸಿ, "ಹಾಳೆಯಲ್ಲಿ ಸೊನ್ನೆ ಇದ್ದ ಮೇಲೆ ಸೊನ್ನೇನೇ. ಕಣ್ಣಿನ ಜೊತೆ ಕಿವೀನೂ ಹೋಯ್ತು ಅಂತ ಕಾಣುತ್ತೆ," ಅಂದರು. ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದರು.

ಆಗಲೇ ಹೇಳಿಬಿಡಬೇಕಿತ್ತು. ಸೊಸೆ ಬಾಯಿ ತೆರೆದಳು. ಆದರೆ ಹತ್ತೊಂಬತ್ತು ದಿನ ದಿನಕ್ಕೊಂದು ಸಲ 'ಬರೆದೆ ಅತ್ತೆ' ಅಂದ ಬಾಯಿ ಅದು. ಮುಚ್ಚಿಕೊಂಡಿತು. 'ಹಕ್ಕಿ ಲೆಕ್ಕಕ್ಕೆ ಇಷ್ಟೊಂದು ಯಾಕೆ? ಮುಂದಿನ ವಾರ ಅವರೇ ಹತ್ತಿ ನೋಡ್ತಾರೆ, ಹಕ್ಕಿ ವಾಪಸ್ ಬಂದ್ವು ಅಂದ್ಕೊಂಡು ಖುಷಿ ಪಡ್ತಾರೆ' ಎಂದು ಸಮಾಧಾನ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಲೈಬ್ರರಿ ಅಕ್ಕ ಬಂದು ಹಾಳೆ ತೆಗೆದುಕೊಂಡು ಹೋದರು. ಸಂಜೆ ಗಂಡ ಕೆಲಸದಿಂದ ಬಂದವನೇ ಕೈಗೆ ಸೋಪಿನ ಪುಡಿ ಹಚ್ಚಿ ಗ್ರೀಸ್ ಉಜ್ಜುತ್ತಾ ಅಂದ, "ಅಂತೂ ನನ್ನ ತಲೆ ಒದ್ದೆ ಆಗೋದು ತಪ್ಪಿತು ಕಣೆ. ಸೋಮವಾರ ಬೆಳಿಗ್ಗೆ ಶೆಡ್ಡಿನ ತಗಡು ತೆಗೀತಾರೆ."

"ಯಾವ ತಗಡು?"

"ನಮ್ಮ ಕಡೇದು, ಗೂಡಿರೋ ಕಡೇದು. ಮಳೆಗೆ ಮುಂಚೆ ಮುಗಿಸ್ಬೇಕಂತೆ. ಸಾಹೇಬ್ರು ಬೋರ್ಡಲ್ಲಿ ಅಮ್ಮನ ಹಾಳೆ ನೋಡಿದ್ರು. ಹತ್ತೊಂಬತ್ತು ದಿನದಿಂದ ಒಂದು ಹಕ್ಕಿನೂ ಇಲ್ಲ, ಕಂಡಕ್ಟರಮ್ಮ ಬರೆದಿದ್ದಾರೆ ಅಂದ್ರೆ ಮುಗೀತು, ಏಣಿ ತರ್ಸಿ ಅಂದ್ರು."

ಸೊಸೆ ಅವನ ಎದುರಿಗೆ ಬಂದು ನಿಂತಳು. "ರೀ, ನೀವು ಅಲ್ಲೇ ಕೆಳಗೆ ಕೆಲಸ ಮಾಡ್ತೀರಲ್ಲ. ಹಕ್ಕಿ ಇದಾವಾ ಇಲ್ವಾ?"

"ನಾನು ಬಸ್ಸಿನ ಕೆಳಗೆ ಗುಂಡಿಯಲ್ಲಿ ಮಲಗಿರ್ತೀನಿ. ನಂಗೆ ಕಾಣೋದು ಗೇರ್ ಬಾಕ್ಸು. ಐದೂವರೆಗೆ ಮನೆ."

"ಟೋಪಿ ಎಲ್ಲಿ?" ಅವಳೇ ಮೊಳೆಯಿಂದ ತೆಗೆದು ನೋಡಿದಳು. ಟೋಪಿಯ ಮೇಲೆ ಇನ್ನೂ ಒಣಗದ ಬಿಳಿ ಕಲೆ.

ಮೂರು ಮೂರು ಮೆಟ್ಟಿಲು ಹಾರಿ ತಾರಸಿಗೆ ಹೋದಳು. ಆರು ಗಂಟೆ. ಒಲೆ ಮೇಲೆ ಹಾಲಿತ್ತು. ಇರಲಿ.

ಮೊದಲು ಏನೂ ಕಾಣಲಿಲ್ಲ. ಒಂದು ಕೆಟ್ಟ ಆಸೆ ಹುಟ್ಟಿತು: ನಿಜವಾಗಿಯೂ ಹೋಗಿಬಿಟ್ಟಿರಲಿ. ಆಮೇಲೆ ಮೇಲಿನಿಂದ ಯಾರೋ ಗಾಜಿನ ಬಳೆ ಚೀಲ ಸುರಿದ ಹಾಗೆ ಕೂಗು ಇಳಿದು ಬಂತು. ಕಪ್ಪು ಕುಡುಗೋಲುಗಳು ಶೆಡ್ಡಿನ ಸುತ್ತ ಒಂದು ಸುತ್ತು, ಎರಡು ಸುತ್ತು. ಗಂಟಲು ಉಬ್ಬಿತ್ತು, ಒಳಗೆ ಹುಳ ತುಂಬಿಕೊಂಡಿದ್ದವು. ಒಂದು ಒಳಗೆ ನುಗ್ಗಿತು. ನುಗ್ಗಿದ ಜಾಗದಿಂದ ಬೇರೆಯದೇ ಒಂದು ಸಣ್ಣ ದನಿಗಳ ಗದ್ದಲ ಕೇಳಿಸಿತು. ಹಸಿದ ಮಕ್ಕಳ ದನಿ ಯಾವ ಜಾತಿಯದಾದರೂ ಕೇಳಿದವರಿಗೆ ಗೊತ್ತಾಗುತ್ತದೆ.

ಗುಂಡಿ ತಂದಿರಲಿಲ್ಲ. ತನ್ನ ರವಿಕೆಯ ಮೇಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಗೋಡೆಗಿಟ್ಟು ಎಣಿಸಿದಳು. ಐದು ಸೂಜಿ, ಮೇಲೆ ಏಳು. ಐವತ್ತೇಳು.

ಕೆಳಗೆ ಇಳಿದು ಸೀದಾ ಹಿಂದಿನ ಕೋಣೆಗೆ ಹೋದಳು.

"ಅತ್ತೆ, ಐವತ್ತೇಳು."

"ಏನಮ್ಮ ಐವತ್ತೇಳು?"

"ಹಕ್ಕಿ. ಮರಿ ಬೇರೆ ಇದಾವೆ. ಅವು ಎಲ್ಲೂ ಹೋಗಿಲ್ಲ. ನಾನು... ನಾನು ಹತ್ತಲೇ ಇಲ್ಲ ಅತ್ತೆ. ಆರನೇ ತಾರೀಕಿನಿಂದ ಒಂದಿನಾನೂ ಹತ್ತಲಿಲ್ಲ. ಕಲಂ ಖಾಲಿ ಬಿಡಬೇಡ ಅಂದ್ರಲ್ಲ, ಸೊನ್ನೆ ಹಾಕ್ಬಿಟ್ಟೆ. ಸೋಮವಾರ ತಗಡು ತೆಗೀತಾರಂತೆ."

ಅತ್ತೆ ಎದ್ದು ಕೂತರು. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ. "ಅಂದ್ರೆ ನನ್ನ ಕಿವಿ ಸರಿಯಾಗಿದೆ," ಅಂದರು.

"ಸರಿಯಾಗಿದೆ ಅತ್ತೆ."

"ಒಂದು ದಿನ ಪೂರ್ತಿ ನಾನು ಕಿವುಡಿ ಅಂದ್ಕೊಂಡು ಕೂತಿದ್ದೆ. ದರಿದ್ರದವಳೇ!" ಬೈಗುಳ ಆಮೇಲೆ ಬಂತು, ಒಂದಲ್ಲ, ಮೂವತ್ತೊಂದು ವರ್ಷದ ಬಸ್ಸಿನಲ್ಲಿ ಕಲಿತದ್ದೆಲ್ಲ. ಸೊಸೆ ತಲೆ ತಗ್ಗಿಸಿ ಕೇಳಿದಳು. ಬಾಗಿಲಲ್ಲಿ ನಿಂತ ಗಂಡ "ಅಮ್ಮ, ಕಣ್ಣಿಗೆ ಒಳ್ಳೇದಲ್ಲ," ಅಂದ. "ಬಾಯಿಗೂ ಕಣ್ಣಿಗೂ ಏನೋ ಸಂಬಂಧ? ನೀನು ತಲೆ ಎತ್ತಿ ಸೂರು ನೋಡಿದ್ರೆ ಕುತ್ತಿಗೆ ಮುರೀತಿತ್ತಾ?" ಎಂದು ಅವನಿಗೂ ಒಂದು ಬಿತ್ತು.

ಉಸಿರು ತೆಗೆದುಕೊಂಡ ಮೇಲೆ ಅತ್ತೆ ಕೇಳಿದರು, "ನೋಡು, ಬಸ್ಸು ಡಿಪೋದಿಂದ ಹೊರಟು ಊರೂರು ಸುತ್ತಿ ಬಂತು, ಒಬ್ಬರೂ ಹತ್ತಲಿಲ್ಲ. ನಾನು ಏನು ಬರೀಬೇಕು?"

"ಸೊನ್ನೆ."

"ಬಸ್ಸು ಕೆಟ್ಟು ನಿಂತಿತು, ಹೊರಡಲೇ ಇಲ್ಲ. ಆಗ?"

ಸೊಸೆ ನಾಲಿಗೆಯ ತುದಿಗೆ ಬಂದ 'ಸೊನ್ನೆ'ಯನ್ನು ನುಂಗಿಕೊಂಡಳು.

"ಆಗಲೂ ಸೊನ್ನೆ ಬರೆದ್ರೆ ಮೇಲಿನವರು ಏನಂದ್ಕೋತಾರೆ? ಈ ದಾರಿಗೆ ಜನವೇ ಇಲ್ಲ, ಬಸ್ಸೇ ಬೇಡ ಅಂತ ನಿಲ್ಲಿಸಿಬಿಡ್ತಾರೆ. ಪಾಪ, ಜನ ರಸ್ತೆಯಲ್ಲಿ ಕೈ ಅಡ್ಡ ಹಿಡ್ಕೊಂಡು ಕಾಯ್ತಾ ಇರ್ತಾರೆ. ಖಾಲಿ ಓಡಿದ್ದು ಬೇರೆ, ಓಡದೇ ನಿಂತದ್ದು ಬೇರೆ. ನೀನು ಬಸ್ಸೇ ಬಿಡದೆ ಖಾಲಿ ಓಡಿತು ಅಂತ ಬರೆದೆ."

ಭಾನುವಾರ ಲೈಬ್ರರಿ ಅಕ್ಕನನ್ನು ಮನೆಗೇ ಕರೆಸಿದರು. ಅವರು ಬೈಯಲಿಲ್ಲ. ಅದೇ ಸೊಸೆಗೆ ಹೆಚ್ಚು ಚುಚ್ಚಿತು. ಹಾಳೆಯ ಮೂಲಪ್ರತಿ ಹೊರತೆಗೆದು, ನಿಟ್ಟುಸಿರು ಬಿಟ್ಟು, "ನಿನ್ನೊಬ್ಬಳ ತಪ್ಪಲ್ಲ ತಾಯಿ, ನಂಗೂ ಇದರಲ್ಲೇ ತಲೆ ಚಚ್ಚಿಕೊಂಡು ಸಾಕಾಗಿದೆ," ಅಂದರು. "ಪೋಸ್ಟ್‌ಮ್ಯಾನ್ ರಜೆ ಹಾಕಿದ ವಾರ ಚಿಟ್ಟೆ ಸೊನ್ನೆ. ಔಷಧಿ ಅಂಗಡಿಯವರು ನೆಂಟರ ಮನೆಗೆ ಹೋದ್ರೆ ಕೊಳದಲ್ಲಿ ಕಪ್ಪೆನೇ ಇಲ್ಲ! ಇನ್ನು ಕೆಲವರು ಇನ್ನೂ ಬುದ್ಧಿವಂತರು, ನೋಡದ ದಿನಕ್ಕೆ ಹಿಂದಿನ ದಿನದ ಸಂಖ್ಯೇನೇ ಇಳಿಸಿಬಿಡ್ತಾರೆ. ನೋಡಿಲ್ಲ ಅಂತ ಬರೆಯೋಕೆ ನಾಚಿಕೆ. ನೋಡಿಲ್ಲ ಅನ್ನೋದರಲ್ಲಿ ನಾಚಿಕೆ ಏನಿದೆ? ಮನೆ ಇದೆ, ಮಕ್ಕಳಿದ್ದಾರೆ, ಜ್ವರ ಬರುತ್ತೆ. ನೋಡಿಲ್ಲ ಅಂತ ಬರೆದ ಹಾಳೇನ ನಾನು ನಂಬ್ತೀನಿ. ದಿನಾ ತಪ್ಪದೆ ತುಂಬಿದ ಹಾಳೆ ಬಂದ್ರೇನೇ ನಂಗೆ ಅನುಮಾನ."

"ಇದನ್ನ ಅಳಿಸಿ ಹೊಸದಾಗಿ ಬರೆದುಕೊಡ್ಲಾ ಅಕ್ಕ?" ಸೊಸೆ ರಬ್ಬರ್ ಹಿಡಿದುಕೊಂಡೇ ಕೂತಿದ್ದಳು.

"ಅಳಿಸಬೇಡ!" ಲೈಬ್ರರಿ ಅಕ್ಕನೂ ಅತ್ತೆಯೂ ಒಟ್ಟಿಗೇ ಕೂಗಿದರು. ಅತ್ತೆ ಹೇಳಿದರು, "ಒಂದೇ ಒಂದು ಗೀಟು ಹೊಡಿ. ಕೆಳಗೆ ಏನಿತ್ತು ಅಂತ ಕಾಣ್ತಿರಬೇಕು. ಪಕ್ಕದಲ್ಲಿ ನಿಜ ಬರಿ. ಸಹಿ ಹಾಕು. ತಪ್ಪು ಮಾಡಿದ್ದನ್ನ ಮುಚ್ಚಿದ್ರೆ ಅದು ಎರಡನೇ ತಪ್ಪು."

ಸೊಸೆ ಪೆನ್ನು ತಂದಳು. ಒಂದು ಸೊನ್ನೆಗೆ ಗೀಟು, ಪಕ್ಕದಲ್ಲಿ 'ನೋಡಿಲ್ಲ', ಸಹಿ. ಇನ್ನೊಂದು ಸೊನ್ನೆ, 'ನೋಡಿಲ್ಲ', ಸಹಿ. ಹತ್ತೊಂಬತ್ತು ಸಲ. ಅದರ ಕೆಳಗೆ ಶನಿವಾರದ ಐವತ್ತೇಳು. ಎಪ್ಪತ್ತು ಜೊತೆ ಯೂನಿಫಾರ್ಮ್ ಹೊಲಿಯುವಾಗ ನೋಯದ ಕೈ ಈಗ ನೋಯಿತು.

ಸೋಮವಾರ ಏಳು ಗಂಟೆಗೆ ಡಿಪೋದ ಗೇಟಿನಲ್ಲಿ ಮೂವರೂ ನಿಂತಿದ್ದರು. ಮಧ್ಯದಲ್ಲಿ ಅತ್ತೆ, ಒಂದು ಕಡೆ ಸೊಸೆಯ ತೋಳು, ಇನ್ನೊಂದು ಕಡೆ ಲೈಬ್ರರಿ ಅಕ್ಕನ ತೋಳು. ಒಳಗೆ ಶೆಡ್ಡಿಗೆ ಆಗಲೇ ಏಣಿ ಒರಗಿಸಿದ್ದರು. ಒಬ್ಬ ಕೆಲಸಗಾರ ಸ್ಪ್ಯಾನರ್ ಹಿಡಿದು ಮೂರನೇ ಮೆಟ್ಟಿಲಲ್ಲಿದ್ದ.

ಮ್ಯಾನೇಜರ್ ಸಾಹೇಬರು ಹಾಳೆ ನೋಡಿ ಹಣೆ ಒತ್ತಿಕೊಂಡರು. "ಏನ್ರೀ ಇದು? ಶನಿವಾರ ಸೊನ್ನೆ, ಸೋಮವಾರ ಐವತ್ತೇಳಾ? ನಾನು ಜನ ಕರೆಸಿದ್ದೀನಿ, ಏಣಿ ತರಿಸಿದ್ದೀನಿ, ಮೂರು ಬಸ್ ಹೊರಗೆ ನಿಲ್ಲಿಸಿದ್ದೀನಿ. ಕಂಡಕ್ಟರಮ್ಮ, ನಿಮ್ಮ ಹಾಳೆ ಅಂತ ನಂಬಿದೆ. ಈಗ ಯಾವುದನ್ನ ನಂಬಲಿ, ಹೇಳಿ."

ಅತ್ತೆ ಸೊಸೆಯ ಕಡೆ ಮುಖ ತಿರುಗಿಸಿದರು. ಸೊಸೆಗೆ ಅರ್ಥವಾಯಿತು. ಈ ಪ್ರಶ್ನೆ ತನ್ನದು.

"ಸಾರ್, ಸೊನ್ನೆ ಬರೆದದ್ದು ನಾನು. ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು. ನಾನು ನೋಡದೆ ಬರೆದೆ. ಅವರದ್ದು ಒಂದು ಸಂಖ್ಯೆನೂ ಸುಳ್ಳಲ್ಲ. ನನ್ನದು ಹತ್ತೊಂಬತ್ತು ಸುಳ್ಳು. ನನ್ನ ಮಾತು ನಂಬಬೇಡಿ ಸಾರ್. ಸಂಜೆ ಆರು ಗಂಟೆಗೆ ನೀವೇ ಬಂದು ಎಣಿಸಿ. ಅಲ್ಲಿ ತನಕ ಆ ಏಣಿ ಒಂದು ಇಳಿಸಿಬಿಡಿ."

ಗೇಟಿನಲ್ಲಿ ಡ್ರೈವರ್‌ಗಳು ನಿಂತು ಕೇಳುತ್ತಿದ್ದರು. ಗುಂಡಿಯೊಳಗಿಂದ ತಲೆ ಎತ್ತಿದ ಗಂಡನೂ ಕೇಳುತ್ತಿದ್ದ. ಸಾಹೇಬರು ಏನೇನೋ ಗೊಣಗಿದರು. ಕೊನೆಗೆ ಏಣಿಯ ಮೇಲಿದ್ದವನಿಗೆ ಕೈ ಬೀಸಿ, "ಇಳಿಯಪ್ಪ. ಇವತ್ತಿನ ಕೆಲಸ ಹಕ್ಕಿ ಪಾಲು," ಅಂದರು.

ಸಂಜೆ ತಾರಸಿಯ ಮೇಲೆ ಮೂರು ಕುರ್ಚಿ ಬಿದ್ದವು. ಸಾಹೇಬರು, ಲೈಬ್ರರಿ ಅಕ್ಕ, ಸೊಸೆ. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಹೇಳಬಾರದು ಅಂತ ಕರಾರು. ಅತ್ತೆ ಕೆಳಗೆ ಅಂಗಳದಲ್ಲಿ ಕೂತು ಕಿವಿ ಕೊಟ್ಟಿದ್ದರು. ಕೊನೆಯ ಹಕ್ಕಿ ಒಳಗೆ ಹೋದ ಮೇಲೆ ಮೂವರೂ ಚೀಟಿ ತೆಗೆದರು. ಐವತ್ತೈದು, ಐವತ್ತೊಂಬತ್ತು, ಐವತ್ತೆಂಟು.

"ಇದರಲ್ಲಿ ಸರಿ ಯಾವುದು?" ಸಾಹೇಬರು ಕೇಳಿದರು.

"ಮೂರನ್ನೂ ಬರೀರಿ," ಕೆಳಗಿನಿಂದ ಅತ್ತೆಯ ದನಿ ಬಂತು. "ಯಾರು ಎಷ್ಟು ನೋಡಿದ್ರೋ ಅಷ್ಟು. ಚೌಕಾಸಿ ಮಾಡಬೇಡಿ!"

ಸಾಹೇಬರು ನಕ್ಕುಬಿಟ್ಟರು. ಮೆಟ್ಟಿಲು ಇಳಿಯುವಾಗ ಕೇಳಿದರು, "ಮರಿಗೆ ರೆಕ್ಕೆ ಬಲಿಯೋಕೆ ಎಷ್ಟು ದಿನ ಬೇಕು ಕಂಡಕ್ಟರಮ್ಮ?"

"ಇನ್ನೊಂದು ಒಂದೂವರೆ ತಿಂಗಳು. ನನ್ನ ಹಳೇ ಹಾಳೆ ನೋಡಿ. ಇಲ್ಲಿನವು ಪ್ರತಿ ವರ್ಷ ಮರಿ ಹಾರಿದ ಮೇಲೆ ಹದಿನೈದು ಇಪ್ಪತ್ತು ದಿನ ಶೆಡ್ ಬಿಟ್ಟು ಹೋಗ್ತವೆ. ಎಂಟು ವರ್ಷವೂ ಹೋಗಿವೆ. ಆಗ ನಿಮ್ಮ ಕೆಲಸ ಮುಗಿಸಿಕೊಳ್ಳಿ."

ತಗಡಿನ ಕೆಲಸ ಮುಂದಕ್ಕೆ ಹೋಯಿತು. ಹೋದದ್ದು ಪುಕ್ಕಟೆಯಾಗಿ ಅಲ್ಲ. ಮಳೆ ಬಂತು, ಸೂರು ಸೋರಿತು. ಸೋರಿದ್ದು ಸರಿಯಾಗಿ ಗಂಡನ ಗುಂಡಿಯ ಮೇಲೇ. "ಮೇಲಿಂದ ನೀರು, ನೀರು ನಿಂತ್ರೆ ಹಕ್ಕಿ. ನಾನು ಮನುಷ್ಯನೋ ಬಚ್ಚಲೋ?" ಎಂದು ದಿನಾ ಸಂಜೆ ರೇಗುತ್ತಿದ್ದ. ಸೊಸೆ ಹಳೆಯ ರೈನ್‌ಕೋಟ್ ಬಿಚ್ಚಿ ಅವನಿಗೊಂದು ದೊಡ್ಡ ಅಂಚಿನ ಟೋಪಿ ಹೊಲಿದು ಕೊಟ್ಟಳು. ಬೈಯುತ್ತಲೇ ಹಾಕಿಕೊಂಡ. ಒಂದು ದಿನ ಬೈಯುತ್ತಲೇ ಹೇಳಿದ, "ನಮ್ಮ ಗುಂಡಿ ಮೇಲಿನ ಗೂಡಿಂದ ಇವತ್ತು ಒಂದು ಮರಿ ಹಾರಿತು. ಬೀಳುತ್ತೆ ಅಂದ್ಕೊಂಡು ಕೈ ಒಡ್ಡಿದ್ದೆ. ನನ್ನ ಕೈ ನೋಡಿ ನಗಾಡಿಕೊಂಡು ಹೋಯ್ತು. ಅದನ್ನೂ ಬರಿ. ತಾರೀಕು ಹಾಕು."

ಅತ್ತೆಯ ಕಣ್ಣು ತಿಳಿಯಾಯಿತು. ಹಾಳೆಗೆ ಅವರು ಹೊಸ ಕಲಂ ಒಂದನ್ನು ಗೀಟು ಹಾಕಿ ಸೇರಿಸಿದರು: 'ನೋಡಿಲ್ಲ'. "ಖಾಲಿ ಬಿಡಬೇಡ ಅಂದು ನಿನ್ನ ಹೆದರಿಸಿದ್ದೂ ನಾನೇ," ಅಂದರು. ಅಷ್ಟೇ ಅಂದರು, ಅದಕ್ಕಿಂತ ಹೆಚ್ಚು ತಪ್ಪೊಪ್ಪಿಗೆ ಕಂಡಕ್ಟರ್ ಬಾಯಲ್ಲಿ ಬರುವುದಿಲ್ಲ. ವಾರದಲ್ಲಿ ಮೂರು ಸಂಜೆ ಸೊಸೆಯದು, ಮೂರು ಅತ್ತೆಯದು, ಭಾನುವಾರ ಗಂಡನದು ಎಂದು ಹಂಚಿಕೆಯಾಯಿತು. ತಾರಸಿಗೆ ಹೋಗದವರು ಹಾಲು ನೋಡಬೇಕು.

ಏಳನೇ ವಾರ ಒಂದು ಸಂಜೆ ಸೊಸೆ ತಾರಸಿಯಲ್ಲಿದ್ದಳು. ಆರು ಗಂಟೆಯಾಯಿತು. ಆರೂಕಾಲಾಯಿತು. ಕುತ್ತಿಗೆ ನೋಯುವ ತನಕ ನೋಡಿದಳು. ಕೂಗಿಲ್ಲ, ಕುಡುಗೋಲಿಲ್ಲ. ಬರೀ ಬಿಳಿ ಆಕಾಶ. ಬೀದಿ ದೀಪ ಹತ್ತುವ ತನಕ ಕಾದಳು. ಮಾರನೇ ದಿನ ತನ್ನ ಸರದಿ ಅಲ್ಲದಿದ್ದರೂ ಹತ್ತಿದಳು, ಅತ್ತೆಯ ಜೊತೆ. ಮೂರನೇ ದಿನ ಗಂಡನನ್ನೂ ಎಳೆದುಕೊಂಡು ಹತ್ತಿದಳು. ಆರು ಕಣ್ಣು ನೋಡಿದವು. ಏನೂ ಇಲ್ಲ.

"ಬರಿ," ಅಂದರು ಅತ್ತೆ.

ಅವಳು ಪೆನ್ಸಿಲ್ ಅಲ್ಲ, ಪೆನ್ನು ತೆಗೆದುಕೊಂಡಳು. ತಾರೀಕು. ಆರರಿಂದ ಆರೂವರೆ. ಮೋಡ. ಹತ್ತಿದವರು ಇಲ್ಲ, ಇಳಿದವರು ಇಲ್ಲ. ಕೊನೆಯ ಕಲಮಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದಳು. ಮುಂಚೆ ಬರೆದ ಹತ್ತೊಂಬತ್ತಕ್ಕೂ ಇದಕ್ಕೂ ನೋಡುವವರಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಮಾರನೇ ಬೆಳಿಗ್ಗೆ ಆ ಒಂದು ಸೊನ್ನೆಯನ್ನು ನಂಬಿ ಡಿಪೋದಲ್ಲಿ ಏಣಿ ಎದ್ದಿತು. ಒಂದು ಮರಿಯೂ ಬೀಳಲಿಲ್ಲ. ಹೊಸ ತಗಡಿನ ಕೆಳಗೆ ಗೂಡಿಗೆ ಆಸರೆಯಾಗಲೆಂದು ಸಾಹೇಬರು ಉದ್ದಕ್ಕೂ ಒಂದು ಹಲಗೆ ಹೊಡೆಸಿದರು.

ಆ ಸೊನ್ನೆ ಬರೆದ ಸಂಜೆ ಯಾರು ಹಾಲು ನೋಡಬೇಕಿತ್ತೋ, ಮೂವರೂ ತಾರಸಿಯಲ್ಲಿದ್ದರು. ಒಲೆ ಮತ್ತೆ ಹಾಲು ಕುಡಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಎದುರಿಗೂ ಒಂದು ಸೂರು, ಒಂದು ಮರ, ಒಂದು ಹೊಂಡ, ಒಂದು ಪಾಳು ಗೋಡೆ ಇದ್ದೇ ಇರುತ್ತದೆ. ಅಲ್ಲಿ ಯಾರೋ ಬಾಡಿಗೆ ಕೊಡದೆ ವಾಸ ಮಾಡುತ್ತಿರುತ್ತಾರೆ. ಹಕ್ಕಿಯೋ, ಕಪ್ಪೆಯೋ, ಚಿಟ್ಟೆಯೋ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ, ಹೆಸರು ಆಮೇಲೆ ಕೇಳಿ ತಿಳಿದುಕೊಳ್ಳಬಹುದು. ದಿನಾ ಆಗುವುದಿಲ್ಲವೇ? ವಾರಕ್ಕೆ ಒಂದು ದಿನ ಸಾಕು. ಅದೇ ಜಾಗ, ಅದೇ ಹೊತ್ತು, ಕಾಲು ಗಂಟೆ. ಗೂಡು ಮುಟ್ಟಬೇಡಿ, ಹತ್ತಿರ ಹೋಗಿ ಹೆದರಿಸಬೇಡಿ. ಕಂಡಷ್ಟು ಬರೆಯಿರಿ. ಕಾದು ನೋಡಿದರೂ ಕಾಣದಿದ್ದರೆ ಧೈರ್ಯವಾಗಿ ಸೊನ್ನೆ ಬರೆಯಿರಿ, ಅದೂ ಒಂದು ಸುದ್ದಿಯೇ. ಅನುಮಾನವಿದ್ದರೆ ಅನುಮಾನ ಅಂತಲೇ ಬರೆಯಿರಿ. ನೋಡಲು ಆಗದ ದಿನ, ಮಗುವಿಗೆ ಜ್ವರ ಬಂದ ದಿನ, ಕೈ ತುಂಬ ಕೆಲಸವಿದ್ದ ದಿನ, 'ನೋಡಿಲ್ಲ' ಎಂದು ಬರೆದು ನೆಮ್ಮದಿಯಾಗಿ ಮಲಗಿ. ನಿಮ್ಮನ್ನು ಯಾರೂ ಬೈಯುವುದಿಲ್ಲ.

ಹಾಳೆ ತುಂಬಿದ ಮೇಲೆ ನಿಮ್ಮ ವಾಚನಾಲಯದಲ್ಲೋ, ಶಾಲೆಯಲ್ಲೋ, ಇಂಥದ್ದನ್ನು ಒಟ್ಟು ಮಾಡುವವರು ಯಾರಿದ್ದಾರೆ ಎಂದು ಕೇಳಿ ಅವರಿಗೆ ಕೊಡಿ. ಯಾರೂ ಇಲ್ಲದಿದ್ದರೆ ನೀವೇ ಶುರು ಮಾಡಿ. ಇವತ್ತೇ ಒಂದು ಹಾಳೆಗೆ ಗೀಟು ಹಾಕಿ. ತಾರಸಿಗೆ ಹತ್ತುವ ಮುಂಚೆ ಒಲೆ ಮಾತ್ರ ಆರಿಸಿ.